ಬುಚ್ಚಿರೆಡ್ಡಿಯ ಸೇತುವೆ

"ಈ ಸಲ ಆ ಲಿಂಬಾದ್ರಿ ರಾವ್‌ಗೆ ಠೇವಣೀನೂ ಉಳಿಯಲ್ಲ. ಬರ್ದಿಟ್ಕೊಳ್ಳವ್ವಾ," ಅಂದ ರಾಜಲಿಂಗು.

ಪೋಶವ್ವ ತಲೆ ಎತ್ತಲಿಲ್ಲ. ತೊಡೆಯ ಮೇಲೆ ಮೊರ, ಕೈಯಲ್ಲಿ ಕತ್ತರಿ. ಬೀಡಿ ಎಲೆ ಕತ್ತರಿಸುತ್ತಲೇ ಹೇಳಿದಳು, "ಬರ್ದಿಡೋಕೆ ನಂಗೆ ಅಕ್ಷರ ಎಲ್ಲಿ ಬರುತ್ತೆ? ಹೋದ ಸಲಾನೂ ಇದನ್ನೇ ಹೇಳಿದ್ದೆ ನೀನು."

ಸುತ್ತ ಕೂತ ಹೆಂಗಸರು ನಕ್ಕರು. ರಾಜಲಿಂಗು ಬುಚ್ಚಿರೆಡ್ಡಿಯ ಪ್ರಚಾರದ ಬಲಗೈ. ಒಡೆಯ ಎರಡು ಚುನಾವಣೆ ಸೋತಿದ್ದರೂ ಇವನ ಗಂಟಲು ಒಮ್ಮೆಯೂ ಸೋತಿರಲಿಲ್ಲ.

ಹಿಂದೆಯೇ ಬುಚ್ಚಿರೆಡ್ಡಿ ಬಂದ. ಜೀಪು ಆಚೆ ದಡದಲ್ಲಿ ಬಿಟ್ಟು, ಪಂಚೆ ಮೊಣಕಾಲಿಗೆ ಎತ್ತಿ, ಚಪ್ಪಲಿ ಕೈಯಲ್ಲಿ ಹಿಡಿದು ಹೊಳೆ ದಾಟಿದ್ದ. ಗೋದಾವರಿಗೆ ಸೇರುವ ಆ ಹೊಳೆ ಬೇಸಿಗೆಯಲ್ಲಿ ಮೊಣಕಾಲುದ್ದ, ಮಳೆಗಾಲದಲ್ಲಿ ಆಳೆತ್ತರ. ಈಚೆ ದಡದಲ್ಲಿ ಹನ್ನೊಂದು ಹಳ್ಳಿ. ಎಲ್ಲ ಮನೆಯ ಹೆಂಗಸರೂ ಬೀಡಿ ಕಟ್ಟುವವರು. ಕಾರ್ಖಾನೆ ಮಾತ್ರ ಆಚೆ ದಡದಲ್ಲಿ. ಪ್ರತಿ ಶನಿವಾರ ಬುಟ್ಟಿ ತಲೆಯ ಮೇಲಿಟ್ಟು ದಾಟಬೇಕು. ಬೀಡಿ ಒದ್ದೆಯಾದರೆ ವಾರದ ಕೆಲಸವೆಲ್ಲ ತಿರಸ್ಕಾರ. ಹೋದ ಮಳೆಗಾಲದಲ್ಲಿ ಪೋಶವ್ವನ ತಂಗಿಯ ಮಗಳು ಹೀಗೇ ದಾಟಲು ಹೋಗಿದ್ದಳು. ಮೂರನೇ ದಿನ ಬುಟ್ಟಿ ಸಿಕ್ಕಿತು. ಅವಳು ಸಿಗಲಿಲ್ಲ.

ಈಗ ಆ ಹೊಳೆಯಲ್ಲಿ ಐದು ಕಂಬ ನಿಂತಿದ್ದವು. ನಿಲ್ಲಿಸಿದವನು ಬುಚ್ಚಿರೆಡ್ಡಿ. ಮರಳು ಗುತ್ತಿಗೆಯಲ್ಲಿ ಕೊಬ್ಬಿದ ಮನುಷ್ಯ, ಧರ್ಮಾತ್ಮನೇನೂ ಅಲ್ಲ. ಎರಡು ಸಲವೂ ಶಾಸಕ ಲಿಂಬಾದ್ರಿ ರಾವ್ ಎದುರು ಅವನು ಮುಗ್ಗರಿಸಿದ್ದು ಈ ಹನ್ನೊಂದು ಹಳ್ಳಿಯಲ್ಲೇ. ಮೊದಲ ಸೋಲಾದ ಮೇಲೆ ಊರಿಗೊಂದು ಕೊಳವೆಬಾವಿ ಕೊರೆಸಿದ್ದ. ಎರಡನೆಯದಾದ ಮೇಲೆ ಸೇತುವೆ ಶುರು ಮಾಡಿದ್ದ.

"ನಿನ್ನ ಸೋಲಿಸೋದು ನಮ್ಮೂರ ಗಂಡಸರು, ರೆಡ್ಡಿ," ಪೋಶವ್ವ ನಿಟ್ಟುಸಿರಿಟ್ಟಳು. "ರಾವ್ ಕಳಿಸಿದ ಕಳ್ಳು ಕುಡಿದು ಅವನಿಗೇ ಒತ್ತಿ ಬರ್ತಾರೆ."

ಪಕ್ಕದಲ್ಲಿದ್ದ ಅವಳ ಗಂಡ ಕಳ್ಳು ಮುಟ್ಟದವನು. ಏನೋ ಹೇಳಲು ಬಾಯಿ ತೆರೆದ. ಕತ್ತರಿ ಒಮ್ಮೆ ಜೋರಾಗಿ ಸದ್ದು ಮಾಡಿತು. ಬಾಯಿ ಮುಚ್ಚಿತು.

ಬುಚ್ಚಿರೆಡ್ಡಿ ಭಾಷಣಕ್ಕೆ ನಿಂತದ್ದು ಶಾಲೆಯ ಗೋಡೆಯ ನೆರಳಿನಲ್ಲಿ. ಶಾಲೆ ಅಂದರೆ ನಾಲ್ಕು ಗೋಡೆ ಅಷ್ಟೇ; ಒಳಗೆ ಬೇವಿನ ಗಿಡ ಬೆಳೆದು ಮರವಾಗಿತ್ತು. ಹದಿನೈದು ವರ್ಷದ ಹಿಂದೆ, ಲಿಂಬಾದ್ರಿ ರಾವ್ ಇನ್ನೂ ಶಾಸಕನಾಗದೆ ಮನೆಮನೆಗೆ ಕೈಮುಗಿಯುತ್ತಿದ್ದ ಕಾಲದಲ್ಲಿ ಅವನೇ ಕಟ್ಟಿಸತೊಡಗಿದ್ದು. ಗೋಡೆ ಎದ್ದವು, ರಾವ್ ಗೆದ್ದ, ಮೇಸ್ತ್ರಿ ಮನೆಗೆ ಹೋದ.

"ನೋಡಿ ತಾಯಂದಿರಾ, ಗೆದ್ದ ಮೇಲೆ ಒಂದು ತಗಡು ಹಾಕಿಸಿದ್ನಾ? ಈ ಕಡೆ ಮುಖ ಹಾಕಿದ್ನಾ?" ಬುಚ್ಚಿರೆಡ್ಡಿ ಗೋಡೆಗೆ ಗುದ್ದಿದ. ಗೋಡೆಯಿಂದ ಸ್ವಲ್ಪ ಮಣ್ಣು ಉದುರಿತು.

"ನಿಜ ರೆಡ್ಡಿ," ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವಳು ಪೋಶವ್ವ. "ದಿನಾ ನೋಡ್ತೀವಿ. ಮರೆಯೋ ಮಾತೇ ಇಲ್ಲ. ನಿನ್ನ ಕಂಬಗಳ ಮೇಲೆ ಚಪ್ಪಡಿ ಯಾವಾಗ?"

"ಗೆದ್ದ ತಿಂಗಳೇ, ಅವ್ವಾ."

"ಅದಕ್ಕಿಂತ ಮುಂಚೆ ಆಗಲ್ವಾ?"

ಅವನು ನಕ್ಕ. ಎಲ್ಲಾ ಈಗಲೇ ಮಾಡಿಬಿಟ್ಟರೆ ಗೆದ್ದು ಮಾಡೋದೇನು ಅಂತ ರಾಜಲಿಂಗು ಹಾಸ್ಯ ಮಾಡಿದ. ಹೆಂಗಸರೂ ನಕ್ಕರು, ಸ್ವಲ್ಪ ತಡವಾಗಿ.

ಹೊರಡುವಾಗ ಬುಚ್ಚಿರೆಡ್ಡಿ ಅರಿಶಿನದ ತಟ್ಟೆ ಮುಂದಿಟ್ಟು, ಗ್ರಾಮದೇವತೆ ಪೋಚಮ್ಮನ ಆಣೆ ಬೇಕೆಂದ. ಹನ್ನೊಂದು ಹಳ್ಳಿಯ ಬೀಡಿ ಹೆಂಗಸರು ಪೋಶವ್ವನ ಮಾತು ಮೀರುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಆಕೆ ಒಂದು ಕ್ಷಣ ಹೊಳೆಯ ಕಡೆ ನೋಡಿದಳು. ಆಮೇಲೆ ತಟ್ಟೆ ಮುಟ್ಟಿದಳು.

"ಪೋಚಮ್ಮನ ಆಣೆ. ನಿನ್ನನ್ನ ನಾವು ಬಿಟ್ಟುಕೊಡಲ್ಲ ಮಗಾ."

ಬುಚ್ಚಿರೆಡ್ಡಿಯ ಕಣ್ಣು ತುಂಬಿ ಬಂತು.

ಎಣಿಕೆಯ ದಿನ ಅದೇ ಕಣ್ಣು ಮತ್ತೆ ತುಂಬಿತು. ಆರುನೂರು ಮತಗಳ ಸೋಲು. ಮಧ್ಯಾಹ್ನದವರೆಗೆ ಅವನೇ ಮುಂದಿದ್ದ. ಹನ್ನೊಂದು ಹಳ್ಳಿಯ ಪೆಟ್ಟಿಗೆಗಳು ತೆರೆದ ಮೇಲೆ ಮಾಲೆಗಳು ರಾವ್ ಮನೆಗೆ ಹೊರಟವು. ಲಿಂಬಾದ್ರಿ ರಾವ್ ಜನರ ವಿಶ್ವಾಸಕ್ಕೆ ತಲೆಬಾಗಿ, ಅಂದೇ ಹೈದರಾಬಾದಿಗೆ ಹೊರಟುಹೋದ.

ಮರುದಿನ ಪೋಶವ್ವ ಹತ್ತು ಹೆಂಗಸರನ್ನು ಕಟ್ಟಿಕೊಂಡು, ಜೋಳದ ರೊಟ್ಟಿ ಗಂಟು ಹಿಡಿದು ಬುಚ್ಚಿರೆಡ್ಡಿಯ ಮನೆಗೆ ಹೋದಳು. ಜಗಲಿಯಲ್ಲಿ ರಾಜಲಿಂಗು ಹನ್ನೊಂದು ಹಳ್ಳಿಯ ಗಂಡಸರಿಗೂ ಹೆಸರು ಹಿಡಿದು ಶಾಪ ಹಾಕುತ್ತಿದ್ದ. ಹೆಂಗಸರು ಸೆರಗು ಕಣ್ಣಿಗೊತ್ತಿಕೊಂಡರು.

"ಎಲ್ಲಿ ತಪ್ಪಿದೆ ಅವ್ವಾ?" ಕೇಳಿದ ಬುಚ್ಚಿರೆಡ್ಡಿ.

"ಕುಡುಕರ ಬಾಯಿ ನಾ ಹ್ಯಾಗೆ ಮುಚ್ಚಲಿ? 'ಬರೀ ಕಂಬ ತೋರಿಸ್ತಾನೆ ನಿಮ್ಮ ರೆಡ್ಡಿ' ಅಂತಾರೆ. ಅದರ ಮೇಲೆ ಚಪ್ಪಡಿ ಬಿದ್ದಿದ್ರೆ..." ಅಂದು ರೊಟ್ಟಿ ಮುರಿದು ಅವನ ಕೈಗಿಟ್ಟಳು.

ಅವನು ಬಹಳ ಹೊತ್ತು ಅಗಿದ. ಆಮೇಲೆ ಮೀಸೆ ಒರೆಸಿಕೊಂಡ. ಐದು ವರ್ಷ ದೂರವಿಲ್ಲ, ಯಾರಿಗೆ ಏನು ತೋರಿಸಬೇಕೋ ತೋರಿಸುತ್ತೇನೆ ಅಂದ.

ತೋರಿಸಿದ. ಮಳೆಗೆ ಮುಂಚೆ ಚಪ್ಪಡಿ ಬಿತ್ತು. ಟ್ರ್ಯಾಕ್ಟರು ಹೋಗುವಷ್ಟು ಅಗಲ. ಮೊದಲ ಪ್ರವಾಹದ ಶನಿವಾರ ಪೋಶವ್ವನ ಸೊಸೆ ಭೂಲಕ್ಷ್ಮಿ ತುಂಬಿದ ಬುಟ್ಟಿ ಹೊತ್ತು ಸೇತುವೆಯ ನಡುವೆ ನಿಂತಳು. ಕೆಳಗೆ ಕೆಂಪು ನೀರು ಮೊರೆಯುತ್ತಿತ್ತು. ಅವಳ ಕಾಲಿಗೆ ಒಂದು ಹನಿಯೂ ತಾಕಿರಲಿಲ್ಲ.

"ಅತ್ತೆ," ಅಂದಳು ಮೆಲ್ಲಗೆ, "ಮೂರು ಸಲ ಆಯ್ತು. ಪಾಪ ಅನ್ಸುತ್ತೆ. ಮುಂದಿನ ಸಲನಾದ್ರೂ ನಾವು ಹೆಂಗಸರೆಲ್ಲಾ ರೆಡ್ಡಿಗೇ ಹಾಕೋಣ್ವಾ?"

"ಹಾಕಿದ್ರೆ ಗೆದ್ದುಬಿಡ್ತಾನೆ ಕಣೇ," ಅಂದಳು ಪೋಶವ್ವ. "ಶಾಲೆ ಇನ್ನೂ ಹಾಗೇ ಇದೆ."

ಸೋಮವಾರ ಬೆಳಿಗ್ಗೆ ಬುಚ್ಚಿರೆಡ್ಡಿಯ ಟ್ರ್ಯಾಕ್ಟರು ಸೇತುವೆ ದಾಟಿ ಬಂತು, ಮೈತುಂಬ ತಗಡು ಹೇರಿಕೊಂಡು.