ಹಸಿವಿನ ಪ್ರಕಾರ

ಬೋರ್ಡಿನ ಮೇಲೆ ಬರೆದ ಪ್ರೋಗ್ರಾಮು ಆ ಕೋಣೆಯಲ್ಲೇ ನಡೆದುಬಿಡುವುದರಿಂದ, ಸಂದರ್ಶಕರು ಮೂವರೂ ಎಂದಿನಂತೆ ಕುರ್ಚಿಯ ಬೆಲ್ಟು ಹಾಕಿಕೊಂಡೇ ಕೂತಿದ್ದರು. ಬೆಳಿಗ್ಗೆ ಬಂದ ಅಭ್ಯರ್ಥಿಯೊಬ್ಬ ಪ್ರೋಗ್ರಾಮು ಎಲ್ಲಿ ನಿಲ್ಲಬೇಕೆಂದು ಬರೆಯುವುದನ್ನೇ ಮರೆತಿದ್ದರಿಂದ ಅವರ ಕುರ್ಚಿಗಳು ಹತ್ತು ನಿಮಿಷ ಗಿರಗಿರ ಸುತ್ತಿದ್ದವು.

"ಕೋಣೇಲಿರೋರನ್ನ ಹಸಿವಿನ ಪ್ರಕಾರ ಸಾಲಾಗಿ ಕೂರಿಸಿ ಮೇಡಂ. ಜಾಸ್ತಿ ಹಸಿದೋರು ಮೊದಲು," ಎಂದರು ಅವರಲ್ಲಿ ಹಿರಿಯರಾದ ಸುಧೀಂದ್ರ. "ಊಟಾನೂ ಹಾಗೇ ಬಡಿಸ್ತಾರೆ."

ಹನ್ನೆರಡು ವರ್ಷ ಮನೆಯಲ್ಲಿದ್ದು ಮತ್ತೆ ಕೆಲಸ ಹುಡುಕುತ್ತಿದ್ದ ವನಮಾಲಾ ಮಾರ್ಕರ್ ಕೈಗೆತ್ತಿಕೊಂಡಳು. ಎಂಟೇ ಲೈನು ಬರೆದು ಹಿಂದೆ ಸರಿದಳು.

ಕುರ್ಚಿಗಳು ಮೆಲ್ಲಗೆ ಜರುಗಿದವು. ಬಾಗಿಲ ಬಳಿಯಿದ್ದ ಸ್ಟೂಲು, ಅದರ ಮೇಲೆ ಕೂತಿದ್ದ ಕಾಫಿ ತರುವ ಚೌಡಪ್ಪನ ಸಮೇತ, ಅವನ್ನೆಲ್ಲ ದಾಟಿ ಮುಂದೆ ಬಂದು ನಿಂತಿತು. ಅದರ ಹಿಂದೆಯೇ ವನಮಾಲಾಳ ಖಾಲಿ ಕುರ್ಚಿ ಬಂತು; ಅವಳು ಹೋಗಿ ಅದರಲ್ಲಿ ಕೂತಳು.

ಸುಧೀಂದ್ರ ನಗುತ್ತ ಬೆಲ್ಟು ಬಿಚ್ಚಿದರು. "ಬೆಳಿಗ್ಗೆಯಿಂದ ಆರು ಜನ ಬರೆದ್ರು. ಎಲ್ರೂ ಟೇಬಲ್ ಸುತ್ತ ಕೂತೋರನ್ನಷ್ಟೇ ಎಣಿಸಿದ್ರು."

ಮೊದಲ ತಟ್ಟೆ ಚೌಡಪ್ಪನ ಮುಂದೆ ಬಂತು. ಅವನು ತುತ್ತು ಕಲಸುತ್ತಲೇ ಹಿಂದೆ ತಿರುಗಿ ಕೇಳಿದ: "ಮೇಡಂ, ನಾಳೆಯಿಂದ ನಿಮ್ಮ ಕಾಫಿಗೆ ಸಕ್ಕರೆ ಎಷ್ಟು ಹಾಕ್ಲಿ?"