ಹೊರಬರುವ ದಾರಿ

ಲಂಡನ್ನಿನ ಆ ಸರ್ಕಾರಿ ಕಟ್ಟಡದಲ್ಲಿ ಲಿಫ್ಟು ಮೂರು ಮತ್ತು ನಾಲ್ಕನೇ ಮಹಡಿಯ ನಡುವೆ ನಿಂತು ಹತ್ತು ನಿಮಿಷವಾಗಿತ್ತು. ಒಳಗಿದ್ದವರು ಇಬ್ಬರೇ, ನೆಲ ಒರೆಸುವ ಡೋರೀನ್ ಮತ್ತು ಮಂತ್ರಿಗಳು. ಡೋರೀನಳಿಗೆ ಆಸ್ತಮಾ. ಅವಳ ಇನ್‌ಹೇಲರ್ ಕೆಳಗೆ ಬ್ಯಾಗಿನಲ್ಲೇ ಉಳಿದಿತ್ತು. ಮಂತ್ರಿಗಳು ಕೈಯಲ್ಲಿದ್ದ ಫೋನು ತೋರಿಸಿ, ಬ್ಯಾಟರಿ ಖಾಲಿ ಎಂದಿದ್ದರು.

"ಮೊದಲು ಜರ್ಮನಿಯ ಕಂಪನಿ ನೋಡಿಕೊಳ್ತಿತ್ತು ಸಾರ್," ಅವಳು ಏದುಸಿರು ಬಿಡುತ್ತ ಹೇಳಿದಳು. "ಗುಂಡಿ ಒತ್ತಿದರೆ ಸಾಕು, ಮೆಕ್ಯಾನಿಕ್ ಹಾಜರು."

"ಅವರ ಹಂಗು ನಮಗೇಕಮ್ಮ? ಯುರೋಪಿಯನ್ ಒಕ್ಕೂಟ ಬಿಟ್ಟ ಮೇಲೆ ಗುತ್ತಿಗೆ ಅಪ್ಪಟ ನಮ್ಮವರಿಗೇ ಕೊಟ್ಟಿದ್ದೇವೆ. ಹಗಲೂ ರಾತ್ರಿ ಸೇವೆ."

"ನಾನೂ ಹೊರಬರಬೇಕು ಅಂತಲೇ ಓಟು ಹಾಕಿದವಳು ಸಾರ್. ಈಗ ಇಲ್ಲಿಂದ ಹೊರಬರೋದು ಹೇಗೆ, ನೀವೇ ಹೇಳಿ."

ಮಂತ್ರಿಗಳು ನಗಲಿಲ್ಲ. ತುರ್ತು ಕರೆಯ ಕೆಂಪು ಗುಂಡಿಗೆ ಬೆನ್ನು ಕೊಟ್ಟು ನಿಂತಿದ್ದವರು ಅಲ್ಲಿಂದ ಕದಲಲೂ ಇಲ್ಲ.

"ಅದನ್ನು ಒತ್ತಿ ಸಾರ್. ಕರೆ ನೇರ ಕಂಪನಿಗೇ ಹೋಗುತ್ತಂತೆ."

"ಅವಸರ ಬೇಡ. ಇನ್ನೈದು ನಿಮಿಷ ನೋಡೋಣ, ತಾನಾಗಿಯೇ ಹೊರಡುತ್ತೆ."

ಡೋರೀನಳ ಎದೆಯಲ್ಲಿ ಸಿಳ್ಳೆಯಂಥ ಸದ್ದು ಶುರುವಾಯಿತು. ಬೆರಳ ತುದಿಗಳು ಜೋಮು ಹಿಡಿದವು. ಇನ್ನು ದೊಡ್ಡವರು ಚಿಕ್ಕವರು ಎಂದು ನೋಡುತ್ತ ನಿಂತರೆ ಜೀವ ಉಳಿಯದೆನಿಸಿ, ಅವಳು ಮಂತ್ರಿಗಳ ಕಂಕುಳ ಸಂದಿನಲ್ಲಿ ಕೈ ತೂರಿಸಿ ಗುಂಡಿಯನ್ನು ಬಲವಾಗಿ ಒತ್ತಿದಳು.

ಮಂತ್ರಿಗಳ ಕೋಟಿನ ಒಳಜೇಬಿನಲ್ಲಿ ಇನ್ನೊಂದು ಫೋನು ರಿಂಗಾಗತೊಡಗಿತು.