ಎದುರು ಸಾಲು

“ನ-ಮ-ಸ್ಕಾ-ರ. ನಾನು ಕಾಫಿ ಕೊಯ್ಯುವ ಯಂತ್ರ. ಸಂಖ್ಯೆ ಏಳು. ನನ್ನ ಸಾಲು ಮುಗಿಯಿತು. ಹೊಸ ಸಾಲು ಕೊಡಿ.”

ಮೂಗು ಹಿಡಿದುಕೊಂಡು, ಇನ್ನೊಂದು ಕೈಯನ್ನು ಕೋಲಿನಂತೆ ಚಾಚಿಕೊಂಡು ದೇವೇಂದ್ರ ವನಗೂರಿನ ಕಾಫಿ ಕಣದ ಮೇಲೆ ಟಕಟಕ ನಡೆದ. ಅವನೂ ಶೃತಿಯೂ ಇನ್ನಿಪ್ಪತ್ತು ವರ್ಷದಾಚೆಗಿನ ಕಥೆ ಬರೆಯುವ ಕಾದಂಬರಿಕಾರರು. ಅವನು ಮಾತನ್ನು ಮೊದಲು ಆಡಿ ಆಮೇಲೆ ಬರೆಯುವವನು; ಅವಳು ಮೊದಲು ಬರೆದು ಆಮೇಲೆ ಅವನಿಂದ ಆಡಿಸಿ ನೋಡುವವಳು. ಈವತ್ತು ಆಡಿಸಿದ್ದು ಅವಳ ಕೊನೆಯ ಅಧ್ಯಾಯ. ಪ್ರಕಾಶಕರಿಂದ ಎರಡು ಸಲ ವಾಪಸ್ ಬಂದಿತ್ತು. ಸಂಜೆ ಐದರೊಳಗೆ ಸರಿಮಾಡಿ ಕಳಿಸದಿದ್ದರೆ ಪುಸ್ತಕವೇ ಇಲ್ಲ.

“ಏನಂತೆ ಅವರ ತಕರಾರು?”

“ಯಂತ್ರ ಚೆನ್ನಾಗಿದೆ, ಜನ ಎಲ್ಲಿ ಅಂತಾರೆ.”

ದೇವೇಂದ್ರ ತಕ್ಷಣ ಹೊಟ್ಟೆ ಮುಂದೆ ಮಾಡಿ ಪ್ರಕಾಶಕನಾದ. “ಮೇಡಂ, ನಿಮ್ಮ ಭವಿಷ್ಯದಲ್ಲಿ ಒಬ್ಬರೂ ಕೆಮ್ಮೋದೇ ಇಲ್ವಲ್ಲಾ!”

ಶೃತಿ ನಕ್ಕಳು. ಗಡಿಯಾರ ನೋಡಿದ ಮೇಲೆ ನಗು ನಿಂತಿತು. “ಹಣ್ಣು ಬಿಡಿಸೋ ಯಂತ್ರ ಬರೆದೆ ಮಾರಾಯ, ಈ ಗಂಟು ಬಿಡಿಸೋಕೆ ಆಗ್ತಿಲ್ಲ.”

“ಯಂತ್ರ ಕೆಟ್ಟು ಎಲ್ಲರ ಮೇಲೆ ಬೀಳಲಿ ಬಿಡು. ನನ್ನ ಮೂರು ಕಾದಂಬರೀಲೂ ಹಂಗೇ ಬಿದ್ದಿದೆ.”

“ಅದಕ್ಕೇ ಮೂರೂ ಬಿದ್ದಿದ್ದು.”

ಕಣದಲ್ಲಿ ಹಣ್ಣು ಹರಡುತ್ತಿದ್ದ ಕೆಂಚಮ್ಮ ಕೈ ನಿಲ್ಲಿಸಿದಳು. ಐವತ್ತು ವರ್ಷ ಇದೇ ತೋಟದಲ್ಲಿ ಕಾಫಿ ಕೊಯ್ದವಳು; ರೈಟರ್ ಎಂದರೆ ಅವಳ ಪಾಲಿಗೆ ಹಾಜರಿ ಬರೆಯುವವನು. “ಇಬ್ಬಿಬ್ರು ರೈಟ್ರು ನಿಂತವ್ರೆ, ಒಬ್ರಾದ್ರೂ ಆ ಹೊಸಬನ್ನ ವಿಚಾರಿಸ್ತಿಲ್ವಲ್ಲ” ಎನ್ನುತ್ತಾ ಬಂದು ದೇವೇಂದ್ರನೆದುರು ನಿಂತಳು. ಆಟವೆಂದು ಅವಳಿಗೆ ಗೊತ್ತಿತ್ತು. ದನಿ ಮಾತ್ರ ಆಟದ್ದಾಗಿರಲಿಲ್ಲ. “ಏ ಏಳ್ನೇ ನಂಬ್ರು, ಪಕ್ಕದ ಸಾಲು ಯಾರ್ದು?”

ದೇವೇಂದ್ರ ಮತ್ತೆ ಮೂಗು ಹಿಡಿದ. “ಮಾ-ಹಿ-ತಿ ಇಲ್ಲ.”

“ಅವಳ್ಗೆ ಇನ್ನೆಷ್ಟು ಗಿಡ ಐತೆ?”

“ಮಾ-ಹಿ-ತಿ ಇಲ್ಲ.”

“ಹಂಗಿದ್ದೂ ಹೊಸ ಸಾಲು ಕೇಳ್ತೀಯಲ್ಲ, ನಾಚ್ಕೆ ಆಗಲ್ವೇನ್ಲಾ? ಮೊದ್ಲು ಮುಗಿಸ್ದೋರು ಪಕ್ಕದವಳ ಸಾಲಿಗೆ ಆ ತುದಿಯಿಂದ ಎದುರು ಬರ್ಬೇಕು. ಇಬ್ರೂ ನಡುಗಿಡದ ಹತ್ರ ಸಿಕ್ಕಿದ್ ಮ್ಯಾಲೇ ಬುತ್ತಿ ಬಿಚ್ಚೋದು. ನೀನು ಮುಂದ್ಮುಂದಕ್ಕೇ ಹೋಗ್ಬುಟ್ರೆ ನಿನ್ ಜೊತೆ ಮಾತಾಡೋರ್ಯಾರು?”

ದೇವೇಂದ್ರನ ಕೈ ಮೂಗಿನಿಂದ ತಾನಾಗಿ ಕೆಳಗಿಳಿಯಿತು. “ಯಾರೂ ಇಲ್ಲ ಅಜ್ಜಿ” ಎಂದ. ಯಂತ್ರದ ದನಿಯಲ್ಲಲ್ಲ, ಕುಂದೂರಿನ ದೇವೇಂದ್ರನ ದನಿಯಲ್ಲಿ.

“ಹಂಗಾರೆ ನನ್ ಸಾಲಿಗೆ ಬಾ. ಕಾಯಿ ಕೀಳ್ಬ್ಯಾಡ, ಹಣ್ ಮಾತ್ರ.”

ಶೃತಿ ಆಗಲೇ ಗೋಣಿಚೀಲದ ಮೇಲೆ ಕೂತು ಲ್ಯಾಪ್‌ಟಾಪ್ ಕುಟ್ಟುತ್ತಿದ್ದಳು. ಅವಳ ಅಧ್ಯಾಯದಲ್ಲಿ ಹೊಸ ಸಾಲು ಕೇಳಬೇಕಿದ್ದ ಸಂಖ್ಯೆ ಏಳು ಈ ಸಲ ಕೇಳಲಿಲ್ಲ. ತುದಿಗೆ ಹೋಗಿ ತಿರುಗಿತು. ಗಿಡಗಳ ಆ ಕಡೆಯಿಂದ ಯಾರದೋ ಕೆಮ್ಮು, ಯಾರದೋ ಹಾಡು ಹತ್ತಿರವಾಗುತ್ತಾ ಬಂತು. ನಡುಗಿಡದ ಹತ್ತಿರ ಒಬ್ಬಳು ಮುದುಕಿ ರೆಂಬೆ ಸರಿಸಿ, “ಬಂದ್ಯಾ?” ಎಂದಳು.

ಐದಕ್ಕೆ ಹತ್ತು ನಿಮಿಷವಿರುವಾಗ ಶೃತಿ ಅದನ್ನು ಜೋರಾಗಿ ಓದಿದಳು. ದೇವೇಂದ್ರ ಯಾರನ್ನೂ ಅಣಕಿಸಲಿಲ್ಲ. ಅವನ ಮಟ್ಟಿಗೆ ಅದು ಚಪ್ಪಾಳೆ.

“ಯಾರವ್ವ ಆ ಮುದ್ಕಿ?” ಎಂದಳು ಕೆಂಚಮ್ಮ.

“ನೀವೇ.”

“ಅಷ್ಟೊತ್ಗೆ ನಂಗೆ ಎಷ್ಟಾಗಿರ್ತೈತೆ?”

“ತೊಂಬತ್ತು.”

“ಬದ್ಕಿರ್ತೀನಾ?”

“ಬರೆಯೋಳು ನಾನಲ್ವಾ ಅಜ್ಜಿ?”

ಕೆಂಚಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ಮೈಯೆಲ್ಲ ಕುಲುಕುವಂತೆ ನಕ್ಕಳು. ಆಮೇಲೆ ಸೆರಗು ಸರಿಸಿ, ಬೋಳು ಒಸಡು ತೋರಿಸಿದಳು. “ಹಂಗಾರೆ ಹಲ್ಲೂ ಬರ್ದ್‌ಬುಡು ಶೃತಮ್ಮ.”

ಕಳಿಸುವ ಗುಂಡಿಯ ಮೇಲಿದ್ದ ಬೆರಳನ್ನು ಶೃತಿ ಹಿಂದಕ್ಕೆ ತೆಗೆದಳು. ತೊಂಬತ್ತರ ಮುದುಕಿಗೆ ಮೂವತ್ತೆರಡು ಹಲ್ಲು ಕೂರಿಸಿ, ಕಚ್ಚಲು ಒಂದು ಕಬ್ಬಿನ ಜಲ್ಲೆಯನ್ನೂ ಕೊಟ್ಟು, ಆಮೇಲೆ ಒತ್ತಿದಳು.